ಮೆಟ್ಟಿಲ ಮೇಲೆ ಕುಳಿತ ಅಕ್ಕನಿಗೆ

ಹೆಸರು ಕೇಳಿದಾಗಲೆಲ್ಲ ನಕ್ಕು ಮಾತು ತೇಲಿಸಿದ ಅಕ್ಕ, ಈ ಬರಹ ನಿಮಗೆ.

ಕಲಬುರಗಿಯಲ್ಲಿ ಕೊಳಗೇರಿ ಅಭಿವೃದ್ಧಿ ಮಂಡಳಿ ಕಟ್ಟಿಸಿಕೊಟ್ಟ ಮನೆಗಳಲ್ಲಿ ಇರುವವರು ನಾವು. ನೆಲಮಹಡಿಯ ಖಾಲಿ ಕೋಣೆಯನ್ನು ನಾವೇ ಗುಡಿಸಿ, ಸುಣ್ಣ ಬಳಿದು, ಮಕ್ಕಳ ಸಂಜೆಯ ಓದಿಗೆ ಮಾಡಿಕೊಂಡಿದ್ದೆವು. ತಾಯಂದಿರು ಸರದಿಯಂತೆ ಕಾವಲು ಕೂರುತ್ತಿದ್ದರು. ಆದರೆ ಪಿಯುಸಿ ಮುಗಿಸಿದವರಿಗೆ ಮುಂದೇನು ಎಂದು ಹೇಳಲು ನಮಗೇ ಗೊತ್ತಿರಲಿಲ್ಲ.

ಮೇ ತಿಂಗಳ ಕೆಂಡದಂಥ ಮಧ್ಯಾಹ್ನ ನೀವು ಬಂದಿರಿ. ಭಾಷಣ ಮಾಡಲಿಲ್ಲ. ‘ಏನು ಬೇಕೆಂದು ನೀವೇ ಹೇಳಿ’ ಎಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟಿರಿ. ನನ್ನ ಪಾಲಿಗೆ ಅದೇ ದೊಡ್ಡದು. ನಮ್ಮಲ್ಲಿಗೆ ಬರುವವರು ಹೇಳಲು ಬರುತ್ತಾರೆ, ಕೇಳಲು ಬರುವವರು ಕಡಿಮೆ. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಓದಿನಲ್ಲಿ, ಉದ್ಯೋಗದಲ್ಲಿ ಮೀಸಲಾತಿ ಇದೆ. ಅದರ ಪ್ರಮಾಣಪತ್ರಕ್ಕೆ ಸಹಾಯಕ ಆಯುಕ್ತರ ಕಚೇರಿಗೆ ಕೊಡುವ ಅರ್ಜಿಯನ್ನು ನನ್ನ ಮಗಳ ಕೈಯಿಂದಲೇ ಬರೆಸಿದಿರಿ. ಶಾಲೆಯ ದಾಖಲೆಯಲ್ಲಿ ಅವಳ ತಂದೆಯ ಹೆಸರಿನ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಅದರ ಕೆಳಗೆ ನೀವು ಪೆನ್ಸಿಲಿನಿಂದ ಎಳೆದ ಸಣ್ಣ ಗೆರೆ ಆ ಜೆರಾಕ್ಸ್ ಪ್ರತಿಯ ಮೇಲೆ ಇನ್ನೂ ಇದೆ. ಅಳಿಸಲು ನನಗೆ ಮನಸ್ಸು ಬರುವುದಿಲ್ಲ.

ಈಗ ಅವಳು ನರ್ಸಿಂಗ್ ಓದುತ್ತಿದ್ದಾಳೆ. ಭಾನುವಾರ ಅದೇ ಮೆಟ್ಟಿಲ ಮೇಲೆ ಕುಳಿತು ಪಕ್ಕದ ಬ್ಲಾಕಿನ ಮಕ್ಕಳಿಂದ ಅರ್ಜಿ ಬರೆಸುತ್ತಾಳೆ.

ಅಕ್ಕ, ನಿಮಗೆ ಕೋಟಿ ನಮಸ್ಕಾರ. ಈ ಕಡೆ ಬಂದರೆ ನಮ್ಮ ಮನೆಯಲ್ಲಿ ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಉಂಡೇ ಹೋಗಬೇಕು.