ಮೂರನೇ ಸಲ ಬರೆಸಲು ಸಮಯ ಕೊಡಿ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ಅತಿಥಿ ಉಪನ್ಯಾಸಕ. ಹೋದ ವರ್ಷ ಮೊದಲ ಸೆಮಿಸ್ಟರಿನ ಮಕ್ಕಳಿಗೆ, ನಿಮ್ಮೂರಿನ ಬಸ್ಸಿನ ತೊಂದರೆ ಬಗ್ಗೆ ಡಿಪೋ ಮ್ಯಾನೇಜರಿಗೆ ಪತ್ರ ಬರೆಯಿರಿ ಅಂದೆ. 80 ಪತ್ರ ಬಂದವು. ಹೆಚ್ಚುಕಡಿಮೆ ಎಲ್ಲವೂ ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದೇ ಶುರುವಾಗಿದ್ದವು. ಯಾವ ಬಸ್ಸು, ಎಷ್ಟು ಗಂಟೆಗೆ, ಯಾವುದೂ ಇರಲಿಲ್ಲ.

ಒಬ್ಬ ಹುಡುಗಿಯನ್ನು ಕೂರಿಸಿಕೊಂಡು, ‘ನಿಜವಾದ ತೊಂದರೆ ಏನಮ್ಮಾ?’ ಎಂದು ಕೇಳಿದೆ. ಪಟಪಟ ಹೇಳಿದಳು: ‘ಏಳೂಮುಕ್ಕಾಲಿನ ಬಸ್ ತುಂಬಿ ಬರುತ್ತೆ ಸರ್, ನಿಲ್ಲಿಸಲ್ಲ. ಆಮೇಲಿನದು ಒಂಬತ್ತೂವರೆಗೆ. ದಿನಾ ಮೊದಲ ಕ್ಲಾಸ್ ತಪ್ಪುತ್ತೆ.’ ಇದನ್ನೇ ಬರಿ ಅಂದೆ. ಮೂರನೇ ಸಲಕ್ಕೆ ಅರ್ಧ ಪುಟದ ಒಳ್ಳೆಯ ಪತ್ರವಾಯಿತು. ಅದನ್ನೇ ತರಗತಿಯ ಮುಂದೆ ನಿಂತು, ಚೀಟಿ ನೋಡದೆ, ಎರಡು ನಿಮಿಷ ಮಾತಾಡಿದಳು. ಕೊನೆಗೆ ಡ್ರಾಯಿಂಗ್ ಶೀಟಿನಲ್ಲಿ ಒಂದು ಗೆರೆ ಎಳೆದು ಬೆಳಗಿನ ಬಸ್ಸುಗಳನ್ನು ಗುರುತು ಮಾಡಿದಳು. ನಡುವಿನ ಖಾಲಿ ಜಾಗ ದೂರದಿಂದಲೇ ಕಾಣುತ್ತಿತ್ತು. ಹಿಂದಿನ ಬೆಂಚಿನ ಹುಡುಗರೂ ತಮ್ಮೂರಿನ ಗೆರೆ ಎಳೆಯತೊಡಗಿದರು.

ಈ ಮಕ್ಕಳಿಗೆ ಮಾತು ಬರುತ್ತದೆ ಸರ್. ಪೆನ್ನು ಹಿಡಿದಾಗ ಮಾತ್ರ ಗೈಡಿನ ವಾಕ್ಯ ಬರುತ್ತದೆ. ಉತ್ತರ ಅಂದರೆ ಪುಟ ತುಂಬಿಸುವುದು, ಸೆಮಿನಾರ್ ಅಂದರೆ ಗೋಡೆ ಕಡೆ ತಿರುಗಿ ಪಿಪಿಟಿ ಓದುವುದು ಅಂತಲೇ ಕಲಿತಿದ್ದಾರೆ.

2021ರಲ್ಲಿ ನಮ್ಮ ಕಾಲೇಜುಗಳಿಗೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ಜೊತೆಗೆ ನಾಲ್ಕು ವರ್ಷದ ಪದವಿಯೂ ಬಂತು. 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಬಂದೆವು. ಪಠ್ಯ ಬದಲಾಯಿತು, ತಿದ್ದಿ ಬರೆಸುವ ಸಮಯ ಮಾತ್ರ ಸಿಗಲಿಲ್ಲ. 80 ಮಕ್ಕಳ ಪತ್ರ ಮೂರು ಸಲ ಓದಿದರೆ 240 ಪತ್ರ. ಅದೂ ಒಂದೇ ಕ್ಲಾಸಿನದು. ನಮ್ಮಂಥ ಅತಿಥಿ ಉಪನ್ಯಾಸಕರಿಗೆ ಪಾಠದ ಗಂಟೆಯಷ್ಟೇ ಲೆಕ್ಕ, ಮನೆಯಲ್ಲಿ ಕೂತು ತಿದ್ದಿದ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ.

ಕೆಮಿಸ್ಟ್ರಿ ಲ್ಯಾಬಿಗೆ 80 ಜನರನ್ನು ಒಟ್ಟಿಗೆ ಬಿಡುವುದಿಲ್ಲ, ಅಲ್ವಾ? ಬ್ಯಾಚ್ ಮಾಡುತ್ತೇವೆ. ಮೊದಲ ವರ್ಷದ ಭಾಷಾ ತರಗತಿಗೂ ವಾರಕ್ಕೆ ಎರಡು ಗಂಟೆ ಹಾಗೆಯೇ ಮಾಡಿಕೊಡಿ. 20 ಮಕ್ಕಳ ಬ್ಯಾಚ್ ಸಾಕು. ಬರೆಯಲಿ, ಮಾತಾಡಲಿ, ಚಿತ್ರದಲ್ಲಿ ತೋರಿಸಲಿ. ಇಂಟರ್ನಲ್ ಅಂಕ ಮೊದಲ ಪ್ರತಿಗೆ ಬೇಡ, ತಿದ್ದಿದ ಪ್ರತಿಗಿರಲಿ. ತಿದ್ದುವ ಗಂಟೆಯನ್ನೂ ಕೆಲಸವೆಂದು ಲೆಕ್ಕ ಹಿಡಿಯಿರಿ.

ಆ ಹುಡುಗಿಯ ಒಪ್ಪಿಗೆ ಪಡೆದು ಅವಳ ಮೊದಲ ಪತ್ರವನ್ನೂ ಮೂರನೆಯದನ್ನೂ ಇದರ ಜೊತೆ ಕಳಿಸುತ್ತಿದ್ದೇನೆ. ದಯವಿಟ್ಟು ಎರಡನ್ನೂ ಓದಿ.

ಇಂತಿ,
ಒಬ್ಬ ಕನ್ನಡ ಉಪನ್ಯಾಸಕ