ಅಜ್ಜ ತುಂಬಿದ ನಮೂನೆ 7

ಪ್ರೀತಿಯ ಪುಟ್ಟಿ,

ದೀಪಾವಳಿಗೆ ಬಂದಾಗ ನೀನು ಆಡಿದ ಒಂದು ಮಾತು ಇನ್ನೂ ಮನಸ್ಸಲ್ಲೇ ಇದೆ. "ಅಮ್ಮಾ, ನಮ್ಮ ಮನೆಯವರಿಗೆ ಲೆಕ್ಕ ರಕ್ತದಲ್ಲೇ ಬಂದಿದೆ. ಅದಕ್ಕೇ ಮೇಲೆ ಬಂದ್ವಿ" ಅಂದೆ. ನೀನು ಜಾಣೆ, ಕಷ್ಟಪಟ್ಟು ಓದಿದವಳು. ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಮೇಲೆ ಬಂದ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ.

ನಿನ್ನ ಅಜ್ಜ ಸಾಗರದ ಕಡೆ ಗೇಣಿ ಗದ್ದೆ ಮಾಡುತ್ತಿದ್ದವರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಜಗಳಕ್ಕೆ 1951ರಲ್ಲಿ ಕಾಗೋಡಿನ ರೈತರು ಜೈಲಿಗೆ ಹೋದ ಸೀಮೆ ಅದು. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಮಾಡುವ ಗದ್ದೆ ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಕೇಳುವ ಅರ್ಜಿಯೇ ನಮೂನೆ 7. ಅಜ್ಜ ಅದನ್ನು ತುಂಬಿ ಕೊಟ್ಟರು. ಪುಣ್ಯಕ್ಕೆ ಹಳೇ ಗೇಣಿ ಚೀಟಿಗಳು ಟ್ರಂಕಿನಲ್ಲಿದ್ದವು. ಭೂನ್ಯಾಯ ಮಂಡಳಿಯಲ್ಲಿ ಗದ್ದೆ ಅವರ ಹೆಸರಿಗಾಯಿತು. ಗೇಣಿ ಅಳೆಯುವುದು ನಿಂತಿತು. ಮನೆಯಲ್ಲೇ ಉಳಿದ ಆ ಭತ್ತ ಮಾರಿ ನನ್ನನ್ನು ಟೀಚರ್ ತರಬೇತಿಯ ಟಿಸಿಎಚ್ ಓದಿಸಿದರು.

ನಮ್ಮ ಪಕ್ಕದ ಮನೆಯ ಅಜ್ಜಿ ನೆನಪಿದ್ದಾರಾ? ಅಡಕೆ ಸುಲಿಯೋಕೆ ಹೋಗುತ್ತಿದ್ದರಲ್ಲ, ಅವರು. ಹನ್ನೆರಡು ಜನ ಸುಲಿದ ಡಬ್ಬದ ಲೆಕ್ಕ, ಯಾರಿಗೆಷ್ಟು ಕೂಲಿ, ಮುಂಗಡ ಎಷ್ಟು ಕಳೆಯಬೇಕು, ಎಲ್ಲ ಬಾಯಲ್ಲೇ ಹೇಳುತ್ತಿದ್ದರು. ಅಜ್ಜ ತಮ್ಮ ಗೇಣಿ ಲೆಕ್ಕ ಸರಿಯಿದೆಯಾ ಅಂತ ಅವರ ಹತ್ತಿರವೇ ಕೇಳಿಕೊಳ್ಳುತ್ತಿದ್ದರು. ಅವರದು ಬರೀ ಕೂಲಿ. ಗೇಣಿ ಗದ್ದೆ ಇರಲಿಲ್ಲ, ಹಾಗಾಗಿ ತುಂಬುವುದಕ್ಕೆ ನಮೂನೆ 7 ಇರಲಿಲ್ಲ. ಅವರ ಮಗಳೂ ಅಡಕೆ ಸುಲಿದೇ ಬದುಕಿದಳು.

ಒಮ್ಮೆ ಶಾಲೆಯಲ್ಲಿ ಇಪ್ಪತ್ತು ಮಕ್ಕಳಿಗೆ ತಲಾ ಇಪ್ಪತ್ತು ಹುಣಸೆಬೀಜ ಕೊಟ್ಟು ಆಟ ಆಡಿಸಿದೆ. ಇಬ್ಬಿಬ್ಬರು ಸೇರಿ ನಾಣ್ಯ ಚಿಮ್ಮಬೇಕು. ಯಾರ ಹತ್ತಿರ ಕಡಿಮೆ ಬೀಜ ಇದೆಯೋ ಅದರ ಅರ್ಧ ಪಣ. ಆಮೇಲೆ ಜೋಡಿ ಬದಲು. ಸಂಜೆ ಗಂಟೆ ಹೊಡೆಯುವ ಹೊತ್ತಿಗೆ ಮುಕ್ಕಾಲು ಪಾಲು ಬೀಜ ನಾಲ್ಕೇ ಮಕ್ಕಳ ಮುಂದಿತ್ತು. ಮೊದಲೇ ಎರಡು ಸಲ ಸೋತವಳಿಗೆ ಉಳಿಯುವುದು ಐದು ಬೀಜ. ಮತ್ತೆ ಗೆದ್ದರೂ ಸಿಗುವುದು ಎರಡೋ ಮೂರೋ. ಐವತ್ತು ಇದ್ದವನಿಗೆ ಅಷ್ಟು ಹೋದರೂ ಗೊತ್ತೇ ಆಗುವುದಿಲ್ಲ. ಎಲ್ಲರಿಗಿಂತ ಜಾಸ್ತಿ ಗೆದ್ದ ಹುಡುಗ, "ಟೀಚರ್, ಹೇಗೆ ಚಿಮ್ಮಬೇಕು ಅಂತ ನಂಗೆ ಗೊತ್ತು" ಅಂದ. ಪಾಪ, ಅವನು ನಿಜವಾಗಿಯೂ ಹಾಗೇ ನಂಬಿದ್ದ.

ಇಟಲಿಯ ಫ್ಲಾರೆನ್ಸ್ ಊರಿನ 1427ರ ತೆರಿಗೆ ಪಟ್ಟಿಯನ್ನೂ 2011ರದ್ದನ್ನೂ ಇಬ್ಬರು ಅರ್ಥಶಾಸ್ತ್ರಜ್ಞರು ಮನೆತನದ ಹೆಸರು ಹಿಡಿದು ಹೋಲಿಸಿದ್ದಾರೆ. ಅಂದು ಮೇಲಿದ್ದ ಹೆಸರುಗಳೇ ಇಂದೂ ಹೆಚ್ಚಾಗಿ ಮೇಲಿವೆ. ವಕೀಲಿ, ವೈದ್ಯಕೀಯದಂಥ ಕಸುಬಿನಲ್ಲೂ ಆ ಜಾಡು ಕಾಣುತ್ತದೆ. ಸುಮಾರು ಆರುನೂರು ವರ್ಷ, ಪುಟ್ಟಿ! ರಕ್ತ ಪ್ರತಿ ತಲೆಮಾರಿಗೂ ಅರ್ಧರ್ಧ ಬೆರೆಯುತ್ತಾ ಹೋಗುತ್ತದೆ. ಜಾಣತನ ಒಂದೇ ಅಷ್ಟು ದೂರ ನಡೆದು ಬಂತು ಅಂದರೆ ನಾನು ಒಪ್ಪುವುದಿಲ್ಲ. ಆಸ್ತಿ ಬಂದಿರುತ್ತದೆ, ಪರಿಚಯ ಬಂದಿರುತ್ತದೆ, ಒಮ್ಮೆ ಸೋತರೂ ಇನ್ನೊಮ್ಮೆ ಆಡುವಷ್ಟು ಬೀಜ ಬಂದಿರುತ್ತದೆ.

ಆ ಅಜ್ಜಿಯ ಮೊಮ್ಮಗಳು ಈ ವರ್ಷ ಪಿಯುಸಿ ಮುಗಿಸುತ್ತಾಳೆ. ಲೆಕ್ಕದಲ್ಲಿ ಥೇಟ್ ಅಜ್ಜಿ. ಬೆಂಗಳೂರಲ್ಲಿ ಅವಳಿಗೆ ಯಾರೂ ಇಲ್ಲ. ಕಾಲೇಜು ವಿಚಾರಿಸೋಕೆ ಬಂದಾಗ ನಿನ್ನ ರೂಮಲ್ಲೇ ಇಟ್ಟುಕೋ. ಯಾವ ಕೋರ್ಸು, ಯಾವ ಸ್ಕಾಲರ್‌ಶಿಪ್ಪು, ಅರ್ಜಿ ಹಾಕುವುದು ಹೇಗೆ ಅಂತ ಕೂತು ಹೇಳಿಕೊಡು. ನಿನ್ನ ನಂಬರ್ ಅವಳಿಗೆ ಕೊಟ್ಟಿದ್ದೇನೆ. ಸಂಕೋಚದ ಹುಡುಗಿ, ಅವಳಾಗಿಯೇ ಫೋನ್ ಮಾಡುವುದು ಅನುಮಾನ. ನೀನೇ ಮೊದಲು ಮಾಡು.

ನಿನ್ನ ಅಮ್ಮ