ಹುಲಿಗನಿಗೆ ಹಾಲು ಕೊಟ್ಟವರಿಗೆ, ಒದೆ ಕೊಟ್ಟವಳಿಗೆ

ಕಳೆದ ಭಾನುವಾರ ಬೆಳಿಗ್ಗೆ ನನ್ನ ಕುದುರೆ ಹುಲಿಗ ನನ್ನ ಸೋದರಳಿಯನನ್ನು ಬೆನ್ನ ಮೇಲೆ ಕೂರಿಸಿಕೊಂಡು ನಮ್ಮೂರಿನಿಂದ ಆನೆಗೊಂದಿಗೆ ಹೋಗಿ ಬಂದ. ಅಷ್ಟೇ ಸುದ್ದಿ. ದಾರಿಯಲ್ಲಿ ಯಾರನ್ನೂ ಕಚ್ಚಲಿಲ್ಲ, ಯಾರ ಹೆಗಲ ಮೇಲೂ ಮುಂಗಾಲು ಹಾಕಲಿಲ್ಲ, ಕಬ್ಬಿನ ಹಾಲಿನ ಗಾಡಿಯ ಮುಂದೆ ಹಟ ಹಿಡಿದು ನಿಲ್ಲಲಿಲ್ಲ. ಇದರಲ್ಲಿ ಬರೆಯುವಂಥದ್ದು ಏನಿದೆ ಎಂದು ಹೊರಗಿನವರು ಕೇಳಿಯಾರು. ನಮ್ಮೂರಿನವರು ಕೇಳುವುದಿಲ್ಲ. ಅವನು ನಾಲ್ಕು ವರ್ಷದಲ್ಲಿ ಮಾಡಿದ ಅವಾಂತರದ ಲೆಕ್ಕ ನನಗಿಂತ ನಿಮ್ಮ ಹತ್ತಿರವೇ ಚೆನ್ನಾಗಿದೆ.

ಒಬ್ಬೊಬ್ಬರ ಮನೆಗೂ ಹೋಗಿ ಉಪಕಾರವಾಯಿತು ಎಂದು ಹೇಳೋಣವೆಂದರೆ ನೀವು ನಕ್ಕು ಚಹಾ ಕೊಡುತ್ತೀರಿ, ಮಾತು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಜ್ಜ ಹೊಸಪೇಟೆಯಲ್ಲಿ ಟಾಂಗಾ ಹೊಡೆದವನು. ನನಗೆ ಬಂದದ್ದು ಟಾಂಗಾ ಅಲ್ಲ, ಕುದುರೆಗಳು. ಮದುವೆ ಮೆರವಣಿಗೆಗೆ ಕುದುರೆ ಕೊಡುತ್ತೇನೆ, ಎಳೆಯ ಕುದುರೆಗಳನ್ನು ಸವಾರಿಗೆ ಪಳಗಿಸಿ ಕೊಡುತ್ತೇನೆ. 2021ರಲ್ಲಿ ಕೊರೊನಾದ ಎರಡನೇ ಅಲೆ ಬಂದು ಮೆರವಣಿಗೆಗಳೆಲ್ಲ ನಿಂತವು. ಮೂರು ಕುದುರೆಗಳು ಲಾಯದಲ್ಲಿ ನಿಂತು ಹುರುಳಿ ಮೇಯುತ್ತಿದ್ದವು, ನಾನು ಅವುಗಳ ಮುಖ ನೋಡುತ್ತ ಕುಳಿತಿದ್ದೆ. ಖಾಲಿ ನಿಂತಿರುವ ಬದಲು ಒಂದು ಮರಿಯಾದರೂ ಆಗಲಿ ಎಂದು ಏಪ್ರಿಲ್‌ನಲ್ಲಿ ನನ್ನ ಹೆಣ್ಣು ಕುದುರೆ ಚಂದ್ರಿಗೆ ಗಂಡು ಕೂಡಿಸಿದೆ. ಲಾಳ ಕಟ್ಟುವ ಚಾಚಾ ಅಂದೇ ಎಚ್ಚರಿಸಿದ್ದರು. ‘ಹದಿನಾರು ವರ್ಷದವಳು, ಬಿಟ್ಟುಬಿಡು’ ಎಂದಿದ್ದರು. ನಾನು ಕೇಳಲಿಲ್ಲ. ಚಾಚಾ, ಆ ಮಾತನ್ನು ಆಮೇಲೆ ಒಮ್ಮೆಯೂ ಎತ್ತಿ ಆಡದೆ ಇದ್ದಿರಿ. ನಿಮಗೆ ಮೊದಲ ಕೃತಜ್ಞತೆ.

ಕುದುರೆ ಹನ್ನೊಂದು ತಿಂಗಳು ಹೊರುತ್ತದೆ. 2022ರ ಮಾರ್ಚ್‌ನಲ್ಲಿ ಚಂದ್ರಿಯ ಕೆಚ್ಚಲು ಬಿಗಿಯಿತು, ತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಗಟ್ಟಿಕಟ್ಟಿತು. ಇನ್ನು ಒಂದೆರಡು ದಿನ ಎಂದುಕೊಂಡು ಕಾವಲು ಕುಳಿತೆ. ಹೆಣ್ಣು ಕುದುರೆ ಈಯುವುದು ಹೆಚ್ಚಾಗಿ ರಾತ್ರಿಯೇ, ಅದೂ ಮನುಷ್ಯರ ಸದ್ದಡಗಿದ ಮೇಲೆ. ಮೂರನೆಯ ರಾತ್ರಿ ನಾನು ಬೀಡಿಗೆಂದು ಹೊರಗೆ ಹೋಗಿ ಬರುವಷ್ಟರಲ್ಲಿ ಅವಳು ಮಲಗಿದ್ದಳು. ಬಿಳಿಯ ಪೊರೆಯೊಳಗೆ ಎರಡು ಕಾಲು, ಅವುಗಳ ಮೇಲೆ ಒಂದು ಮೂತಿ. ಇಪ್ಪತ್ತು ನಿಮಿಷದಲ್ಲಿ ಹುಲಿಗ ಹುಲ್ಲಿನ ಮೇಲಿದ್ದ. ಕುದುರೆ ಮರಿಯ ಗೊರಸನ್ನು ಹುಟ್ಟಿದ ಗಳಿಗೆಯಲ್ಲಿ ನೋಡಿದ್ದೀರಾ? ತಾಯಿಯ ಹೊಟ್ಟೆಗೆ ಗಾಯವಾಗಬಾರದೆಂದು ಗೊರಸಿನ ತಳಕ್ಕೆ ಮೆತ್ತನೆಯ ಎಳೆಗಳ ಹೊದಿಕೆ ಇರುತ್ತದೆ, ನೆನೆದ ಅಣಬೆಯ ಹಾಗೆ. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಅದು ಸವೆದುಹೋಗುತ್ತದೆ. ನಾನು ಹೊಕ್ಕುಳಿಗೆ ಅಯೋಡಿನ್ ಹಚ್ಚಿದೆ. ಚಂದ್ರಿ ನೆಕ್ಕಿದಳು. ಗಂಟೆ ತುಂಬುವ ಮೊದಲೇ ಅವನು ನಾಲ್ಕೂ ಕಾಲನ್ನು ನಾಲ್ಕು ದಿಕ್ಕಿಗೆ ಚಾಚಿಕೊಂಡು ಎದ್ದು ನಿಂತ.

ಆಗ ಚಂದ್ರಿ ಬೆವರತೊಡಗಿದಳು. ಮೊಣಕಾಲು ಮಡಚಿ ಕುಸಿದಳು. ಡಾಕ್ಟರಿಗೆ ಫೋನ್ ಮಾಡಿದೆ, ರಾತ್ರಿ ಎರಡು ಗಂಟೆಗೆ. ‘ತುಟಿ ಎತ್ತಿ ವಸಡು ನೋಡಿ’ ಎಂದರು. ಮೊಬೈಲ್ ಬೆಳಕಿನಲ್ಲಿ ನೋಡಿದೆ. ಸುಣ್ಣ ಬಳಿದ ಹಾಗಿತ್ತು. ಅವರು ಒಂದು ಕ್ಷಣ ಸುಮ್ಮನಿದ್ದು ಹೇಳಿದರು: ‘ಗರ್ಭಕೋಶದ ರಕ್ತನಾಳ ಒಡೆದಿರಬೇಕು, ವಯಸ್ಸಾದ ಕುದುರೆಗಳಲ್ಲಿ ಹೀಗಾಗುತ್ತದೆ. ಹೊರಟಿದ್ದೇನೆ, ಆದರೆ ಅವಳು ಅಲ್ಲಿಯವರೆಗೆ ಉಳಿಯುವುದಿಲ್ಲ. ನೀವು ಗಿಣ್ಣು ಹಾಲು ಹಿಂಡಿಕೊಳ್ಳಿ, ಈಗಲೇ.’ ಕುದುರೆ ಮರಿಗೆ ರೋಗ ತಡೆಯುವ ಶಕ್ತಿ ಹೊಟ್ಟೆಯೊಳಗೆ ಇರುವಾಗ ತಾಯಿಯಿಂದ ಸಿಗುವುದಿಲ್ಲ, ಗಿಣ್ಣಿನಿಂದಲೇ ಸಿಗಬೇಕು, ಅದೂ ಒಂದು ದಿನದೊಳಗೆ. ಆಮೇಲೆ ಕುಡಿಸಿದರೆ ಬರೀ ಹಾಲು. ಅವ್ವ ಚಂದ್ರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು, ನಾನು ಚೆಂಬು ಹಿಡಿದು ಹಿಂಡಿದೆ. ಸಾಯುತ್ತಿರುವವಳ ಹಾಲು ಹಿಂಡುವುದೆಂದರೆ ಏನೆಂದು ನಾನು ವಿವರಿಸಲಾರೆ. ಚೆಂಬು ತುಂಬಿತು, ಇನ್ನೊಂದು ಅರ್ಧವಾಯಿತು, ಅವಳ ಕಣ್ಣು ನಿಂತಿತು.

ಡಾಕ್ಟರೇ, ಆ ಹೊತ್ತಿನಲ್ಲಿ ಧೈರ್ಯವಾಗಿರಿ ಎಂದೆಲ್ಲ ಹೇಳದೆ ನನ್ನ ಕೈಗೆ ಒಂದು ಕೆಲಸ ಕೊಟ್ಟಿರಿ. ಆ ಒಂದೂವರೆ ಚೆಂಬಿನಿಂದಲೇ ಹುಲಿಗ ಇವತ್ತು ಇದ್ದಾನೆ.

ಚಂದ್ರಿಯ ಬಾಲದ ಕೂದಲನ್ನು ಚಾಚಾ ಜಡೆ ಹೆಣೆದು ಲಾಯದ ಗೂಟಕ್ಕೆ ಕಟ್ಟಿದ್ದಾರೆ. ಹೊಳೆಯಾಚೆ ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಎಷ್ಟೊಂದು ಕುದುರೆಗಳಿವೆ, ನೋಡಿರುತ್ತೀರಿ. ಆ ಕಾಲದಲ್ಲಿ ಕುದುರೆಗಳು ಅರಬ್ ದೇಶಗಳಿಂದ ಹಡಗಿನಲ್ಲಿ ಬರುತ್ತಿದ್ದವು. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ವಿಜಯನಗರದ ದೊರೆ ಸಾಳುವ ನರಸಿಂಹ ಬದುಕಿರುವ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ, ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ನನ್ನ ಗೂಟದಲ್ಲಿರುವ ಬಾಲಕ್ಕೆ ಬೆಲೆ ಕಟ್ಟುವ ರಾಜರು ಈಗಿಲ್ಲ. ಇದ್ದರೂ ನಾನು ಕೊಡುವವನಲ್ಲ.

ಇನ್ನು ಹಾಲಿನ ವಿಷಯ. ಮರಿಯ ತೂಕ ಮೂವತ್ತೆರಡು ಕಿಲೋ. ಮೊದಲ ದಿನಗಳಲ್ಲಿ ಗಂಟೆಗೊಮ್ಮೆ ಕಾಲು ಲೀಟರ್ ಕುಡಿಸಬೇಕು, ಹಗಲಿರುಳೆನ್ನದೆ. ವಾರ ಕಳೆಯುವಷ್ಟರಲ್ಲಿ ದಿನಕ್ಕೆ ಏಳು ಲೀಟರ್. ಮೆರವಣಿಗೆಯೇ ಇಲ್ಲದೆ ಎರಡು ವರ್ಷ ಕಳೆದವನ ಮನೆಯಲ್ಲಿ ಏಳು ಲೀಟರ್ ಹಾಲು! ಪಕ್ಕದ ಮನೆಯ ಅಕ್ಕ ತಮ್ಮ ಆಡಿನ ಹಾಲು ತಂದರು. ಅವರನ್ನು ನೋಡಿ ಹಿಂದಿನ ಓಣಿಯವರು ತಂದರು. ಆಡಿನ ಹಾಲು ಸಾಲದಾದಾಗ ಆಕಳ ಹಾಲು ಬಂತು. ಕುದುರೆಯ ಹಾಲಿನಲ್ಲಿ ಜಿಡ್ಡು ಕಡಿಮೆ, ಸಿಹಿ ಹೆಚ್ಚು. ಹಾಗಾಗಿ ಆಕಳ ಹಾಲಿನ ಕೆನೆ ತೆಗೆದು ಗ್ಲೂಕೋಸ್ ಬೆರೆಸಬೇಕೆಂದು ಡಾಕ್ಟರ್ ಹೇಳಿದರು. ತೆಗೆದ ಕೆನೆಯನ್ನು ನಮ್ಮ ಅವ್ವ ಬೆಣ್ಣೆ ಮಾಡಿ ಹಾಲು ಕೊಟ್ಟವರಿಗೇ ವಾಪಸು ಕಳಿಸುತ್ತಿದ್ದಳು. ಆ ತಿಂಗಳು ನಮ್ಮ ಓಣಿಯಲ್ಲಿ ರೊಟ್ಟಿಗೆ ಬೆಣ್ಣೆ ಇಲ್ಲದ ಮನೆ ಇರಲಿಲ್ಲ.

ರಾತ್ರಿ ಪಾಳಿಯ ಪಟ್ಟಿಯನ್ನು ಅಕ್ಕನ ಮಗಳು ಲಾಯದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಳು. ಹನ್ನೊಂದು ಗಂಟೆ, ಹನ್ನೆರಡು ಗಂಟೆ, ಒಂದು ಗಂಟೆ, ಎದುರಿಗೆ ಕುಡಿಸಿದವರ ಹೆಸರು, ಪಕ್ಕದಲ್ಲಿ ಗೀಟು. ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೋಗಿಬಂದ ಹೆಂಗಸರು ಮರಿಯ ಹಣೆಗೆ ಭಂಡಾರ ಹಚ್ಚಿ ಹೆಸರನ್ನೂ ಇಟ್ಟರು. ಕುದುರೆಗೆ ಹುಲಿಯ ಹೆಸರೇ ಎಂದು ಚಾಚಾ ನಕ್ಕರು. ಬಾಗಿಲಿಗೆ ಎರಡು ಸಲ ಬಣ್ಣ ಹೊಡೆಸಿದ್ದೇನೆ. ಆ ಗೀಟುಗಳಿರುವ ಹಲಗೆಯೊಂದನ್ನು ಬಿಟ್ಟು.

ಇಲ್ಲಿಯವರೆಗೆ ಎಲ್ಲವೂ ಚೆಂದ. ಈಗ ಒಂದು ತಕರಾರು ಹೇಳಲೇಬೇಕು, ಸಿಟ್ಟಾಗಬೇಡಿ.

ಮೂರನೆಯ ದಿನವೇ ಡಾಕ್ಟರ್ ಹೇಳಿದ್ದರು, ಬಾಟಲಿ ಬಿಡಿಸಿ ಬಕೆಟ್‌ನಲ್ಲಿ ಕುಡಿಯುವುದನ್ನು ಕಲಿಸಿ ಎಂದು. ಹಾಲು ಮನುಷ್ಯರ ಕೈಯಿಂದ ಬರುತ್ತದೆ ಎಂದು ಮರಿಗೆ ಗೊತ್ತಾಗಬಾರದು. ನೀವು ಯಾರೂ ಕೇಳಲಿಲ್ಲ. ನಾನಾದರೂ ಎಲ್ಲಿ ಕೇಳಿದೆ? ಬಾಟಲಿ ಹಿಡಿದರೆ ಅವನು ಬಾಲ ಕುಣಿಸುತ್ತ ಗಲ್ಲಕ್ಕೆ ಮೂತಿ ಉಜ್ಜುತ್ತಿದ್ದ. ಆ ಸುಖವನ್ನು ಬಕೆಟ್‌ಗೆ ಬಿಟ್ಟುಕೊಡಲು ಒಬ್ಬರಿಗೂ ಮನಸ್ಸಾಗಲಿಲ್ಲ. ಎರಡು ತಿಂಗಳಿಗೆ ಅವನು ಹಿಂಗಾಲ ಮೇಲೆ ಎದ್ದು ಮುಂಗಾಲನ್ನು ನಮ್ಮ ಹೆಗಲ ಮೇಲೆ ಹಾಕತೊಡಗಿದ. ಎಲ್ಲರೂ ಮೊಬೈಲ್ ಹಿಡಿದು ವಿಡಿಯೋ ಮಾಡಿದೆವು. ವರ್ಷ ತುಂಬಿದಾಗ ಅದೇ ಆಟ, ಆದರೆ ತೂಕ ನೂರೆಂಬತ್ತು ಕಿಲೋ. ಬೆಲ್ಲ ತರಲಿಲ್ಲವೆಂದು ಅವ್ವನ ತೋಳು ಕಚ್ಚಿದ. ಶಾಲೆಗೆ ಹೊರಟಿದ್ದ ಹುಡುಗನೊಬ್ಬನನ್ನು ಕೆಡವಿ ಕಬ್ಬು ಕಸಿದುಕೊಂಡ. 2023ರ ಯುಗಾದಿಯ ಮಾರನೆಯ ದಿನ ನನ್ನ ಎಡಗಡೆಯ ಪಕ್ಕೆಲುಬು ಮುರಿಯಿತು. ಒದ್ದದ್ದಲ್ಲ, ಪ್ರೀತಿಯಿಂದ ಮೈಮೇಲೆ ಬಿದ್ದದ್ದು!

ಈ ಕಸುಬಿನಲ್ಲಿ ಇರುವವರಿಗೆ ಗೊತ್ತು, ಮನುಷ್ಯರಿಗೆ ಹೆದರುವ ಕುದುರೆಯನ್ನು ಪಳಗಿಸಬಹುದು. ಹೆದರಿಕೆ ಇಳಿದಂತೆ ಅದು ಹತ್ತಿರ ಬರುತ್ತದೆ. ಮನುಷ್ಯರನ್ನು ತನ್ನ ಓರಗೆಯವರೆಂದು ತಿಳಿದ ಕುದುರೆಗೆ ಏನು ಮಾಡುವುದು? ನಾನು ಕೈಯೊತ್ತಿ ಹಿಂದೆ ಸರಿ ಎಂದರೆ ಅವನು ಆ ಕೈಗೇ ಒರಗಿ ನಿಲ್ಲುತ್ತಿದ್ದ. ಮಾರಿಬಿಡು ಎಂದವರು ಮೂವರು. ಕೊಳ್ಳಲು ಬಂದವನೂ ಒಬ್ಬನಿದ್ದ. ಅವನ ಚಾಟಿಯನ್ನು ನೋಡಿ ವಾಪಸು ಕಳಿಸಿದೆ.

ಆಗ ನೆನಪಾದವಳು ಗೌಡತಿ. ನನ್ನ ಹಳೆಯ ಬಿಳಿ ಕುದುರೆ, ಮುಂಗೋಪಿ. ಪರರ ಮರಿಯನ್ನು ಕೊಂದೇಬಿಟ್ಟಾಳು ಎಂದು ಅವಳನ್ನು ಅಲ್ಲಿಯವರೆಗೆ ದೂರವೇ ಕಟ್ಟಿದ್ದೆ. ಜೂನ್‌ನಲ್ಲಿ ಒಂದು ಬೆಳಿಗ್ಗೆ ಎದೆ ಗಟ್ಟಿಮಾಡಿಕೊಂಡು ಇಬ್ಬರನ್ನೂ ಒಂದೇ ಬೇಲಿಯೊಳಗೆ ಬಿಟ್ಟೆ. ಹುಲಿಗ ನೇರವಾಗಿ ಅವಳ ಮೇವಿಗೆ ಬಾಯಿ ಹಾಕಿದ. ಅವಳು ಕಿವಿಯನ್ನು ಹಿಂದಕ್ಕೆ ಒತ್ತಿದಳು. ಅದು ನೋಟಿಸು, ಇವನಿಗೆ ಓದಲು ಬರಲಿಲ್ಲ. ಕುತ್ತಿಗೆಗೆ ಕಚ್ಚಿದಳು. ಇವನು ಆಟವೆಂದುಕೊಂಡು ಎದ್ದು ಕಾಲು ಹಾಕಲು ಹೋದ. ಅವಳು ತಿರುಗಿ ಎದೆಗೆ ಝಾಡಿಸಿ ಒದ್ದಳು. ಧಡ್ ಎಂಬ ಸದ್ದು ಅಕ್ಕನ ಅಂಗಳಕ್ಕೂ ಕೇಳಿಸಿತು. ಹುಲಿಗ ಮೂಲೆಗೆ ಹೋಗಿ ನಿಂತ. ಆಮೇಲೆ ಮಾಡಿದ್ದನ್ನು ನಾನು ಅವನಲ್ಲಿ ಅದೇ ಮೊದಲು ಕಂಡೆ: ತಲೆ ತಗ್ಗಿಸಿ, ತುಟಿ ಹಿಂದಕ್ಕೆಳೆದು, ಹಲ್ಲಿಗೆ ಹಲ್ಲು ತಾಗಿಸುತ್ತ ಬಾಯಿಯನ್ನು ಪಟಪಟನೆ ಆಡಿಸಿದ. ನಾನಿನ್ನೂ ಚಿಕ್ಕವನು, ಹೊಡೆಯಬೇಡಿ ಎಂದು ಎಳೆಯ ಮರಿಗಳು ದೊಡ್ಡ ಕುದುರೆಗಳ ಮುಂದೆ ಹೀಗೆ ಮಾಡುತ್ತವೆ. ಹುಟ್ಟಿದ ವಾರದಲ್ಲಿ ಆಡಬೇಕಾದ ಮಾತನ್ನು ಅವನು ಹದಿನೈದನೆಯ ತಿಂಗಳಲ್ಲಿ ಆಡಿದ.

ಅದೇ ದಿನ ಬೇಲಿಗೆ ಹಲಗೆ ತೂಗುಹಾಕಿದೆ, ಕೈಯಲ್ಲಿ ಏನನ್ನೂ ತಿನ್ನಿಸಬೇಡಿ ಎಂದು. ಅಕ್ಕ ಎಂಟು ದಿನ ನನ್ನೊಂದಿಗೆ ಮಾತು ಬಿಟ್ಟರು. ಸೀಮೆಸುಣ್ಣದ ಪಟ್ಟಿಯಲ್ಲಿ ಅತಿ ಹೆಚ್ಚು ಗೀಟು ಇರುವುದು ಅವರ ಹೆಸರಿನ ಮುಂದೆಯೇ. ನಾನು ಅವರಿಗೆ ಹೇಳಬೇಕಿದ್ದ ರೀತಿ ಅದಾಗಿರಲಿಲ್ಲ. ಅಕ್ಕಾ, ತಪ್ಪಾಯಿತು. ಆದರೂ ಒಂಬತ್ತನೆಯ ದಿನದಿಂದ ಹಲಗೆಯ ಹತ್ತಿರ ನಿಂತು ಊರ ಹುಡುಗರನ್ನು ಗದರಿಸಿ ಓಡಿಸಿದವರೂ ನೀವೇ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತಲ್ಲ, ಹೊಳೆದಂಡೆಯವರಿಗೆಲ್ಲ ಎಚ್ಚರಿಕೆ ಬಂತು. ಕತ್ತಲಲ್ಲೇ ಕುದುರೆಗಳನ್ನು ಬಂಡೆಗಳ ಕಡೆಯ ಎತ್ತರಕ್ಕೆ ಸಾಗಿಸಿದೆವು. ದಾರಿಯಲ್ಲಿ ಟ್ರ್ಯಾಕ್ಟರು, ಎಮ್ಮೆ, ಮಕ್ಕಳ ಅಳು, ಬ್ಯಾಟರಿ ಬೆಳಕು. ನನ್ನ ಕೈಯಲ್ಲಿದ್ದದ್ದು ಗೌಡತಿಯ ಹಗ್ಗ ಮಾತ್ರ. ಹುಲಿಗ ಹಗ್ಗವಿಲ್ಲದೆ ಅವಳ ಬಾಲಕ್ಕೆ ಮೂಗು ತಾಗಿಸಿಕೊಂಡು ನಡೆದು ಬಂದ. ಅವನು ಸವಾರಿಗೆ ಬಂದಾನು ಎಂಬ ನಂಬಿಕೆ ನನಗೆ ಬಂದದ್ದು ಆ ರಾತ್ರಿ.

ಆಮೇಲಿನದು ನನ್ನ ದಿನನಿತ್ಯದ ಕೆಲಸ, ಹೆಚ್ಚು ಹೇಳುವುದಿಲ್ಲ. ಉದ್ದ ಹಗ್ಗದಲ್ಲಿ ಎರಡೂ ಕಡೆಗೆ ಸುತ್ತಿಸುವುದು, ಬೆನ್ನಿಗೆ ಮೊದಲು ಗೋಣಿತಟ್ಟು, ಆಮೇಲೆ ಜೀನು, ಆಮೇಲೆ ಜೀನಿನ ಮೇಲೆ ತೌಡಿನ ಚೀಲ. ಕಡಿವಾಣವನ್ನು ಬಾಯಿಗೆ ಒಗ್ಗಿಸಲು ಒಂದು ತಿಂಗಳು ಹಿಡಿಯಿತು. ಕಾಲಿನ ಮೂಳೆ ಬಲಿತರೂ ಕುದುರೆಯ ಬೆನ್ನುಮೂಳೆ ಐದು ವರ್ಷದವರೆಗೂ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ನಾನು ಹತ್ತಲಿಲ್ಲ, ನಲವತ್ತಾರು ಕಿಲೋದ ಅಳಿಯನನ್ನು ಹತ್ತಿಸಿದೆ. ಬ್ಯಾಂಡಿನವರು ತಮ್ಮ ಅಭ್ಯಾಸವನ್ನು ನನ್ನ ಹೊಲದ ಬದುವಿಗೆ ತಂದು, ಮೊದಲ ವಾರ ದೂರದಲ್ಲಿ, ಆಮೇಲೆ ಹತ್ತಿರದಲ್ಲಿ ಬಾರಿಸಿದರು, ಒಂದು ಚಹಾಕ್ಕೆ. ಚಾಚಾ ಮೊದಲ ತಿಂಗಳಿಂದ ಗೊರಸು ಕೊರೆದು ಸರಿಮಾಡಿದರು. ನಾಲ್ಕು ತುಂಬುವವರೆಗೆ ಲಾಳ ಬೇಡ ಎಂದರು. ಈ ಸಲ ನಾನು ಮಾತು ಕೇಳಿದೆ.

ಭಾನುವಾರ ಮರಳಿ ಬರುವಾಗ ಓಣಿಯ ತಿರುವಿನಲ್ಲಿ ಅಕ್ಕ ನಿಂತಿದ್ದರು. ಹುಲಿಗ ನಿಂತ. ಅಳಿಯ ಲಗಾಮು ಎಳೆದಿರಲಿಲ್ಲ. ಅಕ್ಕನ ಸೆರಗಿನ ಗಂಟಿನಲ್ಲಿ ಬೆಲ್ಲವಿತ್ತು. ಅದು ನನಗೂ ಗೊತ್ತಾಯಿತು, ಅವನಿಗಂತೂ ಗೊತ್ತೇ ಇತ್ತು. ಅವನ ಮೂಗಿನ ಹೊಳ್ಳೆಗಳು ಅರಳಿದವು, ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಅಕ್ಕ ನನ್ನತ್ತ ಒಮ್ಮೆ ನೋಡಿದರು. ಸರಸರನೆ ಒಳಗೆ ಹೋಗಿ ಬಕೆಟ್ ತಂದು ಅವನ ಮುಂದಿಟ್ಟು, ಗಂಟು ಬಿಚ್ಚಿ ಬೆಲ್ಲವನ್ನು ಅದರೊಳಗೆ ಹಾಕಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.